ಒಂದೊಂದಾಗಿ ಕೂಡುವ ಲೂಪ್

ಆ ಲೂಪನ್ನು ಅವಳು ಮುಟ್ಟಲಿಲ್ಲ. ಉಳಿದದ್ದನ್ನೆಲ್ಲ ಮುಟ್ಟಿದಳು.

ಪ್ರೋಗ್ರಾಮ್ ಅವಳ ಗಂಡನದು. ಸಮುದ್ರವನ್ನು ಚೌಕ ಚೌಕವಾಗಿ ಕತ್ತರಿಸಿ, ಬಿರುಗಾಳಿ ಬಂದರೆ ಯಾವ ಚೌಕದಲ್ಲಿ ನೀರು ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕುವಂಥದ್ದು. ಪ್ರಯೋಗಾಲಯದ ದೊಡ್ಡ ಕಂಪ್ಯೂಟರಿನ ನೂರಾರು ಪ್ರೊಸೆಸರುಗಳು ಚೌಕಗಳನ್ನು ಹಂಚಿಕೊಂಡು ಒಟ್ಟಿಗೆ ದುಡಿಯುತ್ತಿದ್ದವು. ಅವನು ತೀರಿಕೊಂಡ ಮೇಲೆ ಅದನ್ನು ನೋಡಿಕೊಳ್ಳುವ ಕೆಲಸ ಪಕ್ಕದ ಮೇಜಿನವಳಾದ ಇವಳ ಪಾಲಿಗೆ ಬಂತು. ಅವನ ಮೇಜಿನ ಮೇಲೆ ಈಗ ಪ್ರಿಂಟರ್ ಕೂತಿತ್ತು.

ಹೊಸ ನಿಯಮ ಬಂದಿತ್ತು. ಬೆಳಿಗ್ಗೆ ಶುರು ಮಾಡಿದ ಲೆಕ್ಕ ಮಧ್ಯಾಹ್ನದ ಊಟದೊಳಗೆ ಮುಗಿಯದಿದ್ದರೆ ಆ ಪ್ರೋಗ್ರಾಮಿಗೆ ಯಂತ್ರದಲ್ಲಿ ಜಾಗವಿಲ್ಲ, ಇನ್ನೊಬ್ಬರದನ್ನು ಹಾಕುತ್ತಾರೆ. ಗಂಡನದು ಕತ್ತಲಾಗುವವರೆಗೂ ಏಗುತ್ತಿತ್ತು.

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪುಗಳು ಒಂದರೊಳಗೊಂದು ಇದ್ದವು. ಅವಳು ಒಳಗಿನ ಲೂಪನ್ನು ಹೊರಗೆ ತಂದು, ಹೊರಗಿನದನ್ನು ಒಳಗೆ ಹಾಕಿದಳು. ಮೆಮೊರಿಯಲ್ಲಿ ಹಾರಿ ಹಾರಿ ಓದುತ್ತಿದ್ದ ಸಂಖ್ಯೆಗಳನ್ನು ಅದು ಸಾಲಾಗಿ ಓದತೊಡಗಿತು. ಒಂದೇ ದಾರಿಯಲ್ಲಿ ಎರಡೆರಡು ಸಲ ಸುತ್ತುತ್ತಿದ್ದ ಲೂಪುಗಳನ್ನು ಒಂದಾಗಿಸಿದಳು. ಲೆಕ್ಕ ಸಂಜೆಯ ಕಾಫಿ ಹೊತ್ತಿಗೆ ಮುಗಿಯುವಂತಾಯಿತು. ಅಲ್ಲಿಂದ ಕೆಳಗೆ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ವಿಭಾಗದ ಮುಖ್ಯಸ್ಥೆ ಲೋಟ ಹಿಡಿದು ಬಂದು ಅವಳ ಹಿಂದೆ ನಿಂತರು. ಪರದೆಯ ಮೇಲೆ ಪ್ರೊಸೆಸರಿಗೊಂದು ಪಟ್ಟಿ. ದುಡಿಯುವಾಗ ನೀಲಿ, ಸುಮ್ಮನಿದ್ದಾಗ ಬಿಳಿ. ಪ್ರತಿ ಸುತ್ತಿನ ಕೊನೆಯಲ್ಲಿ ಒಂದೇ ಒಂದು ಪಟ್ಟಿ ನೀಲಿ.

"ಮನೆಯೆಲ್ಲ ಗುಡಿಸಿ ಮಂಚದ ಕೆಳಗೆ ಮಾತ್ರ ಬಿಟ್ಟಿದ್ದೀಯಲ್ಲಮ್ಮ. ಒಬ್ಬ ದುಡೀತಾನೆ, ಮಿಕ್ಕವರು ಕೈಕಟ್ಟಿ ಕೂತಿದಾರೆ. ಇದೇನು ನಮ್ಮ ಸಮಿತಿ ಸಭೆನಾ?"

"ಅದು ಬೇಕಂತಲೇ ಹಾಗಿದೆ ಮೇಡಂ."

"ಗೊತ್ತು. ಅವನ ಹತ್ರ ನಾನೂ ಜಗಳ ಆಡಿದೀನಿ." ಅವರು ಲೋಟವನ್ನು ಪ್ರಿಂಟರಿನ ಪಕ್ಕಕ್ಕಿಟ್ಟರು. "ಅದನ್ನೂ ಬದಲಾಯ್ಸಮ್ಮ. ಇಲ್ದಿದ್ರೆ ಪೂರ್ತಿ ಹೋಗುತ್ತೆ."

ಪ್ರತಿ ಸುತ್ತಿನಲ್ಲೂ ಎಲ್ಲ ಚೌಕಗಳ ನೀರನ್ನು ಒಟ್ಟು ಕೂಡಿ, ಲೆಕ್ಕದಲ್ಲಿ ನೀರು ಸೋರಿಲ್ಲ ತಾನೆ ಎಂದು ನೋಡಬೇಕು. ಪ್ರೊಸೆಸರುಗಳು ತಮ್ಮ ತಮ್ಮ ಪಾಲನ್ನು ಕೂಡಿ, ಬಂದ ಬಂದಂತೆ ಒಪ್ಪಿಸಿದರೆ ಕ್ಷಣದ ಕೆಲಸ. ಆದರೆ ಯಂತ್ರ ಪ್ರತಿ ಸಲ ಕೂಡಿದಾಗಲೂ ಸಂಖ್ಯೆಯ ಬಾಲವನ್ನು ಒಂದಿಷ್ಟು ಕತ್ತರಿಸುತ್ತದೆ. ಯಾರು ಮೊದಲು ಬಂದರು ಎನ್ನುವುದು ಬದಲಾದರೆ ಕೊನೆಯ ಅಂಕಿಗಳೂ ಬದಲಾಗುತ್ತವೆ. ಅವನಿಗೆ ಅದು ಆಗುತ್ತಿರಲಿಲ್ಲ. ಒಂದೇ ಪ್ರೊಸೆಸರು ಮೊದಲ ಚೌಕದಿಂದ ಕೊನೆಯದರವರೆಗೆ ಒಂದೊಂದಾಗಿ ಕೂಡುವಂತೆ ಬರೆದಿದ್ದ. ಎಷ್ಟು ಸಲ ಓಡಿಸಿದರೂ ಅದೇ ಉತ್ತರ, ಬಾಲದ ತುದಿಯವರೆಗೆ.

ಅವನಿದ್ದಾಗ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಜಗಳ.

"ಹದಿನಾಲ್ಕನೇ ಅಂಕಿ ಯಾರ್ರೀ ನೋಡ್ತಾರೆ?"

"ನಾನು ನೋಡ್ತೀನಿ."

"ಸಮುದ್ರಕ್ಕೇ ಇಲ್ಲದ ಚಿಂತೆ ನಿಮಗ್ಯಾಕೆ?"

ಅತ್ತೆ ತಲೆ ಚಚ್ಚಿಕೊಳ್ಳುತ್ತಿದ್ದರು. "ಒಡವೆಗೆ ಜಗಳ ಆಡೋ ಗಂಡ ಹೆಂಡ್ತೀನ ನೋಡಿದೀನಿ. ಚುಕ್ಕಿ ಆಚೆಗಿನ ಅಂಕಿಗೆ ಆಡೋರನ್ನ ಈ ಮನೇಲೇ ನೋಡಿದ್ದು. ಯಾರಾದ್ರೂ ಒಬ್ರು ಗೆದ್ದು ತಟ್ಟೆ ಎತ್ರಪ್ಪ."

ಅವಳು ಆ ಲೂಪನ್ನು ಅಳಿಸಿದಳು. ಅದರ ಜಾಗಕ್ಕೆ ನಾಲ್ಕು ಸಾಲು ಸಾಕಾಯಿತು.

ಮಾರನೆಯ ದಿನ ಊಟದ ಹೊತ್ತಿಗಿಂತ ಮುಂಚೆಯೇ ಲೆಕ್ಕ ಮುಗಿಯಿತು. ಅವನು ಕೊನೆಯ ಸಲ ಓಡಿಸಿದಾಗ ಬಂದ ಉತ್ತರವನ್ನು ಪಕ್ಕದಲ್ಲಿಟ್ಟು ನೋಡಿದಳು. ಉದ್ದಕ್ಕೂ ಅದೇ, ಅದೇ, ಬಾಲದಲ್ಲಿ ಬೇರೆ. ಇನ್ನೊಮ್ಮೆ ಓಡಿಸಿದಳು. ಮತ್ತೊಂದು ಬಾಲ. ಅವನದು ಬರುವುದಿಲ್ಲವೆಂದು ಗೊತ್ತಿದ್ದೂ ಮತ್ತೆ ಓಡಿಸಿದಳು.

"ಉಳೀತಲ್ಲಮ್ಮ, ಇನ್ನು ಬಿಡು," ಅಂದರು ಮೇಡಂ.

ಮನೆಯಲ್ಲಿ ಊಟ ಮುಗಿಯುವವರೆಗೂ ಅತ್ತೆ ಕೇಳಲಿಲ್ಲ. ಆಮೇಲೆ ಕೇಳಿದರು.

"ಏನಾಯ್ತು ಅವನದು?"

"ಉಳೀತು ಅತ್ತೆ. ಆ ಕೂಡೋ ಲೂಪ್ ತೆಗೆದುಬಿಟ್ಟೆ."

"ಕೊನೇ ಅಂಕಿದಾ?"

"ಹೂಂ."

ಅತ್ತೆ ಅವಳ ಮುಖ ನೋಡಿದರು. "ಹಾಗಾದ್ರೆ ನೀನೇ ಗೆದ್ದೆ ಅನ್ನು."

ಅವಳ ಕೈ ತಟ್ಟೆಯಲ್ಲೇ ಒಣಗಿತ್ತು.

"ಅವರು ಇನ್ನೊಂದು ಸಲ ಬೇಡ ಅಂದಿದ್ರೆ ಬಿಟ್ಟುಬಿಡ್ತಿದ್ದೆ ಅತ್ತೆ."

ಆ ದಿನ ತಟ್ಟೆಗಳನ್ನು ಅತ್ತೆಯೇ ಎತ್ತಿದರು.