ಬಗ್ಗಿ ಮಾತಾಡ್ರೀ

"ಉಸಿರು ಬಿಡಿ," ಅಂದರು ಟೀಚರಮ್ಮ.

"ಬಿಟ್ಟಾಯ್ತು."

"ಅದು ಉಸಿರು ಬಿಟ್ಟಿದ್ದಲ್ಲಮ್ಮ, ಬುಸುಗುಟ್ಟಿದ್ದು. ಇನ್ನೊಂದ್ಸಲ."

ಮೂರನೇ ಕಿಟಕಿ ಇನ್ನೊಂದ್ಸಲ ಬುಸುಗುಟ್ಟಿದಳು. ಮೂರನೇ ಕಿಟಕಿ ಅಂದರೆ, ನೀರಿನ ಕಚೇರಿಯಲ್ಲಿ ಮೂರನೇ ಕಿಟಕಿಯ ಹಿಂದೆ ಹದಿನೆಂಟು ವರ್ಷ ಕೂತು ಕೂತು ಕಿಟಕಿಯೇ ಆಗಿಹೋದ ಗುಮಾಸ್ತೆ. ಇಷ್ಟು ವರ್ಷ ಅವಳಿಗೆ ಗೊತ್ತಿದ್ದ ಆಸನ ಒಂದೇ, ಕುರ್ಚಿ. ಈಗ ಅದೇ ಕಚೇರಿಯ ಮಹಡಿಯ ಮೀಟಿಂಗ್ ಹಾಲಿನಲ್ಲಿ ಬೆಳಗ್ಗೆ ಏಳಕ್ಕೆ ಚಾಪೆಯ ಮೇಲೆ ಕೂತಿದ್ದಳು. ಮಡಚೋದಕ್ಕೆ ಕಾಲು ಒಪ್ಪುತ್ತಿರಲಿಲ್ಲ, ಎದ್ದು ಹೋಗೋದಕ್ಕೆ ಸಾಹೇಬರು ಒಪ್ಪುತ್ತಿರಲಿಲ್ಲ.

ಆಗಿದ್ದಿಷ್ಟು. ಕಚೇರಿಗೆ ಹೊಸ ಕಂಪ್ಯೂಟರ್ ಬಂತು. ಬಂದದ್ದೇ ಅರ್ಧ ಊರಿನ ನಲ್ಲಿಗಳನ್ನು ನುಂಗಿ ನೀರು ಕುಡಿಯಿತು. ನಲ್ಲಿ ಇದ್ದವರೆಲ್ಲ "ನಮಗೆ ನಲ್ಲಿ ಇದೆ" ಅಂತ ಮತ್ತೆ ಅರ್ಜಿ ಕೊಡಬೇಕಾಯಿತು. ಸಾಲು ಗೇಟು ದಾಟಿ ರಸ್ತೆಗೆ ಬಂತು. ಅವಳ ಊಟದ ಡಬ್ಬಿ ತುಂಬಿಕೊಂಡು ಬಂದು ತುಂಬಿಕೊಂಡೇ ಮನೆಗೆ ಹೋಗುತ್ತಿತ್ತು. ಅಂಥ ಒಂದು ದಿನ ಮುದುಕನೊಬ್ಬ ನಾಲ್ಕನೇ ಸಲ ತಪ್ಪು ಅರ್ಜಿ ತಂದು, ಗಾಜಿನ ಆಚೆ ನೆಟ್ಟಗೆ ನಿಂತು, ಏನೋ ಗೊಣಗಿದ. ಮಾತಾಡೋದಕ್ಕೆ ಅಂತ ಗಾಜಿನಲ್ಲಿ ಒಂದು ತೂತಿದೆ. ಯಾವ ಪುಣ್ಯಾತ್ಮ ಕೊರೆದನೋ, ಅದು ಸೊಂಟದ ಎತ್ತರಕ್ಕಿದೆ.

"ಬಗ್ಗಿ ಮಾತಾಡ್ರೀ!"

"ಬಗ್ಗಕ್ಕಾಗಲ್ಲ ತಾಯಿ." ಅದೂ ಕೇಳಿಸಲಿಲ್ಲ.

"ಬಗ್ಗ್ರೀ ಅಂದ್ರೆ!"

ಬಗ್ಗಿದ. ಬಗ್ಗಿದವನು ಏಳಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಇಬ್ಬರು ಬಂದು ಮಡಚೋ ಕುರ್ಚಿ ಥರ ಅವನನ್ನು ಎತ್ತಿಕೊಂಡು ಹೋದರು. ಸಾಯಂಕಾಲ ಅವನ ಮಗಳು ಬಂದು ದೂರು ಕೊಟ್ಟಳು.

ಸಾಹೇಬರು ತೀರ್ಪು ಕೊಟ್ಟರು: ಇಪ್ಪತ್ತೊಂದು ದಿನ ಯೋಗ. ಕೊನೆಗೆ 'ಶಾಂತವಾಗಿದ್ದಾರೆ' ಅಂತ ಟೀಚರಮ್ಮನ ಸಹಿ ಬಿದ್ದರೆ ಕಿಟಕಿ, ಬೀಳದಿದ್ದರೆ ನೆಲಮಾಳಿಗೆಯ ಕಡತದ ಕೋಣೆ. ಅಲ್ಲಿಗೆ ಇಳಿದವರು ಇವತ್ತಿನವರೆಗೆ ಮೇಲೆ ಬಂದಿಲ್ಲ. ಅವರ ನಿವೃತ್ತಿಯ ಆರ್ಡರೇ ಕೆಳಗಿಳಿದು ಅವರನ್ನು ಹುಡುಕಿಕೊಂಡಿದೆ. ಧೂಳು ಅಂದರೆ ಇವಳಿಗೆ ಉಬ್ಬಸ. ಅದು ಸಾಹೇಬರಿಗೂ ಗೊತ್ತು.

"ಸೊಂಟ ನೋವು ಅವನಿಗೆ, ಯೋಗ ನನಗೆ. ಇದ್ಯಾವ ನ್ಯಾಯ?" ಅಂತ ಮನೆಯಲ್ಲಿ ಕೇಳಿದಳು.

"ಯೋಗ ಇದ್ದೋರಿಗೆ ಯೋಗ," ಅಂದ ಗಂಡ, ಪೇಪರಿನಿಂದ ತಲೆ ಎತ್ತದೆ. ಮಾರನೇ ದಿನ ಅವಳು ಅಡುಗೆಮನೆಯಲ್ಲಿ ಉಸಿರಾಟ ಅಭ್ಯಾಸ ಮಾಡುತ್ತಿದ್ದಾಗ ಅವನೇ ಒಳಗಿಂದ ಕೂಗಿದ: "ಲೇ, ಕುಕ್ಕರ್ ಆಫ್ ಮಾಡು!"

ಟೀಚರಮ್ಮ ದಪ್ಪನೆಯ ನಿವೃತ್ತ ನರ್ಸು. ದಿನಾ ಒಂದೇ ರಾಗ: "ನಿಮ್ಮ ಮೇಲೆ ನಿಮಗೆ ಕರುಣೆ ಇರಲಿ." ಅದನ್ನು ಕೇಳಿದರೆ ಇವಳಿಗೆ ಮೈಯೆಲ್ಲ ಉರಿ. ಶವಾಸನದಲ್ಲಿ ತರಗತಿಯ ಉಳಿದ ನಾಲ್ಕು ಜನ ಗೊರಕೆ ಹೊಡೆಯುತ್ತಿದ್ದರೆ, ಇವಳ ಶವ ಮೂರು ಸಲ ಎದ್ದು ಗಡಿಯಾರ ನೋಡುತ್ತಿತ್ತು. "ನಾನೇನು ಕೋಪಿಷ್ಠೆ ಅಲ್ಲ," ಅಂತ ಟೀಚರಮ್ಮನಿಗೆ ಹೇಳಿದಳು, ಜವಾನನಿಗೆ ಹೇಳಿದಳು, ಯಾರೂ ಸಿಗದಿದ್ದಾಗ ಚಾಪೆಗೂ ಹೇಳಿದಳು.

ಹತ್ತೊಂಬತ್ತನೇ ದಿನ ಟೀಚರಮ್ಮ ಹೊಸದೊಂದು ತೆಗೆದರು. "ಸೊಂಟದಿಂದ ಬಗ್ಗಿ. ಕೈ ಮಂಡಿ ಮೇಲೆ. ಕತ್ತು ಮಾತ್ರ ಎತ್ತಿ, ಮುಂದೆ ನೋಡಿ. ಇಪ್ಪತ್ತು ಎಣಿಸ್ತೀನಿ. ಉಸಿರು ಕಟ್ಟಬೇಡಿ, ಏನಾದ್ರೂ ಮಾತಾಡ್ತಿರಿ."

ಏಳಕ್ಕೆ ತೊಡೆ ನಡುಗಿತು. ಹತ್ತಕ್ಕೆ ಕತ್ತು ಹಿಡಿಯಿತು. ಹನ್ನೆರಡಕ್ಕೆ "ಆಗಲ್ಲಮ್ಮ" ಅನ್ನೋಣ ಅಂತ ಬಾಯಿ ತೆರೆದಳು. ಹೊರಬಿದ್ದದ್ದು ಮಾತಲ್ಲ, ಒಂದು ಗೊಣಗು. ಆ ಗೊಣಗು ಎಲ್ಲೋ ಕೇಳಿದ್ದಳು. ಈ ಆಸನವನ್ನೂ ಎಲ್ಲೋ ನೋಡಿದ್ದಳು. ದಿನಾ ನೋಡಿದ್ದಳು, ಹತ್ತರಿಂದ ಐದರವರೆಗೆ, ಒಬ್ಬರಾದ ಮೇಲೆ ಒಬ್ಬರು, ಗಾಜಿನ ಆ ಕಡೆ.

ಚಾಪೆಯ ಮೇಲೆ ಕುಸಿದಳು.

"ಏನಾಯ್ತಮ್ಮ?"

"ನಾನು ಕೋಪಿಷ್ಠೆ ಕಣ್ರೀ."

"ಗೊತ್ತು. ಗೇಟಿನ ವಾಚ್‌ಮನ್‌ಗೂ ಗೊತ್ತು. ನಿಮಗೇ ಸುದ್ದಿ ತಡವಾಗಿ ಬಂದಿದೆ."

"ಕೆಟ್ಟೋಳು ನಾನು."

"ಅಷ್ಟು ದೊಡ್ಡ ಪದವಿ ಯಾಕೆ? ಸುಸ್ತಾಗಿದ್ರಿ, ಕಿರುಚಿದ್ರಿ. ತಪ್ಪು ತಪ್ಪೇ. ಹಾಗಂತ ಬಡ್ಕೊಂಡ್ರೆ ಅವರ ಸೊಂಟ ಸರಿಹೋಗುತ್ತಾ? ಏಳಿ. ಮಂಡಿ ಸ್ವಲ್ಪ ಮಡಚಿ ಬಗ್ಗಿ, ನೋವಾಗಲ್ಲ."

"ಮಡಚಬಹುದಾ? ಮೊದಲೇ ಹೇಳಬಾರದಿತ್ತಾ!" ಅಂತ ರೇಗಿದಳು.

"ಬಗ್ಗೋ ಆಸನ ಬಂದಾಗೆಲ್ಲ ಹತ್ತೊಂಬತ್ತು ದಿನದಿಂದ ಹೇಳ್ತಿದೀನಿ. ನೀವು ಗಡಿಯಾರದ ಜೊತೆ ಮಾತಾಡ್ತಿದ್ರಿ."

ಇಪ್ಪತ್ತೊಂದನೇ ದಿನ 'ಶಾಂತವಾಗಿದ್ದಾರೆ' ಅನ್ನೋ ಕಾಗದಕ್ಕೆ ಟೀಚರಮ್ಮ ಸಹಿ ಹಾಕಿದರು. ಅದರ ಕೆಳಗೆ ಸಾಹೇಬರ ಸಹಿ ಮಧ್ಯಾಹ್ನ ಅಂತಾಯಿತು. ಅಲ್ಲಿವರೆಗೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕು. ಸೀಟು ಬಿಟ್ಟು ಎದ್ದವರನ್ನು ಕಂಡರೆ ಸಾಹೇಬರಿಗೆ ಆಗಿಬರುವುದಿಲ್ಲ.

ಹನ್ನೊಂದಕ್ಕೆ ಜವಾನ ಬಂದು ಕಿವಿಯಲ್ಲಿ ಉಸುರಿದ: "ಅಕ್ಕಾ, ಸೊಂಟದ ಯಜಮಾನ್ರು ಬಂದಿದಾರೆ. ಹೊರಗೆ ಬೆಂಚಿನ ಮೇಲೆ."

ಅವಳು ಸಾಲು ನೋಡಿದಳು, ತೂತು ನೋಡಿದಳು. ಪೆನ್ನು ತಗೊಂಡು, ಪಕ್ಕದ ಬಾಗಿಲಿಂದ ಹೊರಗೆ ಬಂದು, ಬೆಂಚಿನ ಮೇಲೆ ಕೂತಳು. ಮುದುಕನ ಅಂಗಿಯ ಮೇಲೆ ಅಗಲವಾದ ಸೊಂಟದ ಪಟ್ಟಿ. ಕೈಯಲ್ಲಿ ಐದನೇ ಅರ್ಜಿ.

"ಕೊಡಿ ಯಜಮಾನ್ರೇ, ನಾನು ನೋಡ್ತೀನಿ."

"ಪುಣ್ಯ ಬರ್ಲಿ ತಾಯಿ." ದನಿ ಇಳಿಸಿದ. "ಮೂರನೇ ಕಿಟಕಿಗೆ ಮಾತ್ರ ಕೊಡಬೇಡಿ. ಅಲ್ಲೊಂದು ರಾಕ್ಷಸಿ ಕೂತಿದೆ."

ಬಿಸಿಲಿಗೆ ಗಾಜು ಹೊಳೆದು ಒಳಗಿನವರ ಮುಖ ಹೊರಗೆ ಕಾಣುತ್ತಿರಲಿಲ್ಲ. ತೂತಿನಿಂದ ಅವನಿಗೆ ಕಂಡದ್ದು ಒಂದು ಕೈ, ಒಂದು ಗಲ್ಲ, ಅಷ್ಟೇ. "ಹೌದಾ?" ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಎರಡು ಸಾಲು ಬರೆದಳು. ಉಸಿರು ಎಳೆದುಕೊಂಡಳು, ಬಿಟ್ಟಳು. ಬುಸುಗುಟ್ಟಲಿಲ್ಲ.

"ಆ ರಾಕ್ಷಸಿ ನಾನೇ."

ಮುದುಕ ಅವಳನ್ನು ಚಪ್ಪಲಿಯಿಂದ ಕೂದಲಿನವರೆಗೆ ನೋಡಿದ. ನಿಧಾನವಾಗಿ ನೋಡಿದ.

"ಇಷ್ಟೇನಾ? ದನಿ ಕೇಳಿ ಇನ್ನೂ ಎತ್ತರ ಇರ್ತೀರ ಅಂದ್ಕೊಂಡಿದ್ದೆ."

"ತಪ್ಪಾಯ್ತು. ಸೊಂಟ ಹೇಗಿದೆ?"

"ಇದೆ."

"ಮನೆ ನಂಬರ್ ಈ ಖಾನೆಯಲ್ಲಲ್ಲ, ಕೆಳಗಿಂದು... ಬಿಡಿ, ನಾನೇ ಬರೀತೀನಿ. ನಲ್ಲಿ ಎಷ್ಟು?"

ಗೊಣಗಿದ.

"ಸ್ವಲ್ಪ ಜೋರಾಗಿ ಹೇಳಿ."

"ಒಂದು. ಜೋರಾಗಿ ಬೇಕಾದ್ರೆ ಹೇಳ್ತೀನಿ ತಾಯಿ, ಬಗ್ಗಲ್ಲ."

ಒಳಗೆ ಸಾಹೇಬರ ಬೆಲ್ ಹೊಡೆಯಿತು. ಇನ್ನೊಂದ್ಸಲ ಹೊಡೆಯಿತು. ಅವಳು ಮುಂದಿನ ಖಾನೆಗೆ ಪೆನ್ನು ಇಟ್ಟಳು. ಮೂರನೇ ಕಿಟಕಿಯ ಮುಂದೆ ಸಾಲಿನವರು ಒಬ್ಬೊಬ್ಬರಾಗಿ ಬಗ್ಗಿ, ಕತ್ತೆತ್ತಿ, ತೂತಿನಲ್ಲಿ ಇಣುಕುತ್ತಿದ್ದರು. ಒಳಗೆ ಖಾಲಿ ಕುರ್ಚಿ. ಮೇಜಿನ ಮೇಲೆ ಪೇಪರ್‌ವೇಟಿನ ಕೆಳಗೆ ಸಿಕ್ಕಿಕೊಂಡು, ಫ್ಯಾನಿನ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದ ಒಂದೇ ಸಹಿಯ ಕಾಗದ.