ಸ್ಥಳ ಬದಲಾಗಿದೆ

ಶವವಿದ್ದ ಜನಾಜಾದ ಮುಂದಿನ ಎಡ ಮೂಲೆ ಲುತ್ಫಿಯ ಹೆಗಲ ಮೇಲಿರುವಾಗಲೇ ಅವನ ಜೇಬಿನಲ್ಲಿದ್ದ ಫೋನು ಮತ್ತೆ ಗುಂಯ್‌ಗುಟ್ಟಿತು. ಬಲ ಮೂಲೆಗೆ ಹೆಗಲು ಕೊಟ್ಟಿದ್ದ ಮುದುಕ ಗಾಬೆರ್ ತಿರುಗಿ ನೋಡಿದ.

"ತೆಗೆದು ಮಾತಾಡಪ್ಪ. ಒಳಗಿರೋವರಿಗೆ ನಿದ್ದೆ ಕೆಡುತ್ತೆ."

ನೈಲ್ ಬಯಲಿನ ತಂತಾ ಊರಿನ ಮಧ್ಯಾಹ್ನ. ಬಿಸಿಲು ಎಂಥದ್ದೆಂದರೆ, ಮಸೀದಿ ಬೀದಿಯ ಕಡಲೆ ಮಿಠಾಯಿಯವನು ಒಲೆಯನ್ನೇ ಹಚ್ಚದೆ ಬಾಣಲೆಯನ್ನು ಹೊಸ್ತಿಲಾಚೆ ಇಟ್ಟು ಸಕ್ಕರೆ ಪಾಕ ತೆಗೆಯುತ್ತಿದ್ದ. ನಂಬದವರು ಬಂದು ರುಚಿ ನೋಡಬಹುದು. ಜನಾಜಾದ ಹಿಂದೆ ಇದ್ದವರು ಕಾಫಿ ಅಂಗಡಿಯ ನಾಲ್ಕಾರು ಪಿಂಚಣಿದಾರರು, ಮತ್ತೆ ಇದು ತನ್ನ ದಾರಿಯೇ ಅಂದುಕೊಂಡಿದ್ದ ಒಂದು ಕತ್ತೆ ಗಾಡಿ.

ಲುತ್ಫಿ ಒಂದು ಕೈಯಲ್ಲಿ ಮರದ ಹಿಡಿ, ಇನ್ನೊಂದರಲ್ಲಿ ಫೋನು ಹಿಡಿದ. ಅತ್ತ ಕಡೆ ಕಲಾ ಕಾಲೇಜಿನ ಡೀನ್, ಡಾಕ್ಟರ್ ಇಸ್ಮತ್.

"ಎಲ್ಲಿದೀಯಪ್ಪ ಲುತ್ಫಿ? ವೇದಿಕೆಗೆ ಹೂವು ಬಂತಾ?"

"ಹೆಗಲು ಕೊಡ್ತಾ ಇದೀನಿ ಸಾಹೇಬ್ರೇ. ಉಸ್ತಾದ್ ಬಹಗತ್ ತೀರಿಕೊಂಡ್ರು."

"ಯಾವ ವಿಭಾಗ?"

"ಯಾವ ವಿಭಾಗಾನೂ ಅಲ್ಲ. ಮುಂದಿನ ಸಾಲು, ಗೋಡೆ ಪಕ್ಕದ ಕುರ್ಚಿ."

ಡೀನ್ ಯೋಚಿಸಿದರು. ಆ ಕುರ್ಚಿಗೆ ಅವರು ಎಷ್ಟೋ ವರ್ಷ ಕೈಮುಗಿದು ಉಪನ್ಯಾಸ ಶುರುಮಾಡಿದ್ದರು, ಅದರಲ್ಲಿದ್ದ ಮುಖ ಮಾತ್ರ ನೆನಪಿಗೆ ಬರಲಿಲ್ಲ.

"ಸಂಜೆ ಅವರ ಸಂತಾಪ ಕೂಟ ಇದೆ ಸಾಹೇಬ್ರೇ. ಮನೇಲಿ ಗಂಡಸರು ಅಂತ ಯಾರೂ ಇಲ್ಲ. ನಿಮ್ಮ ಉಪನ್ಯಾಸ ಒಂದು ದಿನ ಮುಂದಕ್ಕೆ ಹಾಕಿದ್ರೆ..."

"ಉಪಕುಲಪತಿಗಳು ಬರ್ತಿದಾರೆ ಕಣಯ್ಯಾ. ಇಡೀ ಕಾಲೇಜು ಹಾಜರಿರಬೇಕು, ಬಂದ ಹುಡುಗರಿಗೆ ಐದು ಅಂಕ ಅಂತ ಹೇಳಿದೀನಿ. ಹಾಲಲ್ಲಿ ಒಂದೇ ಒಂದು ಕುರ್ಚಿ ಖಾಲಿ ಕಂಡ್ರೂ ನಿನ್ನನ್ನ ಹಳೇ ಉತ್ತರಪತ್ರಿಕೆ ಗೋದಾಮಿಗೆ ಹಾಕ್ತೀನಿ. ಆಮೇಲೆ ನಾನು ಹೇಳಲಿಲ್ಲ ಅನ್ನಬೇಡ."

ಆ ಗೋದಾಮು ಕಾಲೇಜಿನ ನೆಲಮಾಳಿಗೆಯಲ್ಲಿದೆ. ದೊರೆಯ ಕಾಲದಲ್ಲಿ ಅದರೊಳಗೆ ಹೋದ ಗುಮಾಸ್ತನೊಬ್ಬ ಇನ್ನೂ ಹೊರಗಿನ ದಾರಿ ಹುಡುಕುತ್ತಿದ್ದಾನೆ ಎಂದು ಜನ ಹೇಳುತ್ತಾರೆ. ಅವನ ಕೆಮ್ಮನ್ನು ಲುತ್ಫಿ ಕಿವಿಯಾರೆ ಕೇಳಿದ್ದ.

"ಏನಂತೆ?" ಗಾಬೆರ್ ಕೇಳಿದ.

"ಹೂವು ಬಂತಾ ಅಂತ ಕೇಳಿದ್ರು."

"ಪಾಪ, ಸತ್ತವರ ಮೇಲೆ ಎಷ್ಟು ಅಕ್ಕರೆ," ಎಂದ ಗಾಬೆರ್, ಹೆಗಲು ಬದಲಿಸಿದ.

*

ನಮ್ಮ ಕಲಾ ಕಾಲೇಜಿನಲ್ಲಿ ನಡೆಯುವಷ್ಟು ಕಾರ್ಯಕ್ರಮಗಳು ನೈಲ್ ನದಿಯ ಹುಟ್ಟಿನಿಂದ ಕಡಲಿನವರೆಗೆ ಬೇರೆಲ್ಲೂ ನಡೆಯುವುದಿಲ್ಲ. ಗೇಟಿನ ಪಕ್ಕ 'ಮುಂದಿನ ಕಾರ್ಯಕ್ರಮಗಳು' ಎಂಬ ಗಾಜಿನ ಪೆಟ್ಟಿಗೆಯಿದೆ. ಸೋಮವಾರ ಹೊಳೆ ಮಣ್ಣಿನ ಬಗ್ಗೆ ಮಾತು, ಮಂಗಳವಾರ ಊದ್ ಎಂಬ ತಂತಿವಾದ್ಯದ ವಾದನ, ಬುಧವಾರ ಕವಿಗೋಷ್ಠಿ, ಗುರುವಾರ ಈ ಮೂರರ ಅವಲೋಕನ. ಅದರಲ್ಲಿ ಹೇಳಿದ ಜಾಗದಲ್ಲಿ ಹೇಳಿದ ಕಾರ್ಯಕ್ರಮ ನಡೆದದ್ದು ಮಾತ್ರ ಯಾರಿಗೂ ನೆನಪಿಲ್ಲ. ಒಂದು ದಿನ ಬೀಗದ ಕೈ ಕಳೆದಿರುತ್ತದೆ, ಇನ್ನೊಂದು ದಿನ ದೀಪ ಹತ್ತುವುದಿಲ್ಲ. ಅದಕ್ಕಾಗಿ ಕಾರ್ಯಕ್ರಮ ವಿಭಾಗದ ಲುತ್ಫಿ 'ಸ್ಥಳ ಬದಲಾಗಿದೆ' ಎಂಬ ಕೆಂಪು ಪಟ್ಟಿಗಳನ್ನು ಕಟ್ಟುಗಟ್ಟಲೆ ಅಚ್ಚು ಹಾಕಿಸಿಟ್ಟಿದ್ದ. ಕೆಳಗಿನ ಖಾಲಿ ಜಾಗದಲ್ಲಿ ಹೊಸ ವಿಳಾಸ ಗೀಚಿದರಾಯಿತು. ಆ ಕೆಂಪು ಪಟ್ಟಿ ಎತ್ತ ಹೋಗು ಅಂದರೆ ನಮ್ಮವರು ಅತ್ತ ಹೋಗುತ್ತಾರೆ, ಯಾಕೆ ಎಂದು ಕೇಳುವ ಅಭ್ಯಾಸ ತಪ್ಪಿ ಎಷ್ಟೋ ಕಾಲವಾಯಿತು.

ಇಲ್ಲದಿದ್ದದ್ದು ಒಂದೇ: ಕೇಳುವವರು.

ಹೊಳೆ ಮಣ್ಣಿನ ಬಗ್ಗೆ ಮಾತಾಡಲು ಕೈರೋದಿಂದ ಒಬ್ಬ ಮಹಾವಿದ್ವಾಂಸರು ಬಂದ ದಿನ ಹಾಲಿನಲ್ಲಿ ಇದ್ದದ್ದು ಲುತ್ಫಿ ಮತ್ತು ಒಂದು ಬೆಕ್ಕು. ಲುತ್ಫಿ ಬೀದಿಗೆ ಓಡಿದ. ಗೇಟಿನ ನೆರಳಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದ ಒಬ್ಬ ಸಣಕಲು ಮನುಷ್ಯನ ತೋಳು ಹಿಡಿದ.

"ಸ್ವಾಮೀ, ಒಳಗೆ ಬಂದು ಸ್ವಲ್ಪ ಕೂತ್ಕೋತೀರಾ?"

"ಏನು ಮಾಡಬೇಕು?"

"ಏನೂ ಇಲ್ಲ. ಕೂತ್ಕೊಂಡು ಕೇಳಬೇಕು ಅಷ್ಟೆ."

"ಅಷ್ಟೇ ಆದ್ರೆ ನನಗೆ ಬರುತ್ತೆ," ಎಂದ ಆ ಮನುಷ್ಯ. ಆತನೇ ಬಹಗತ್, ನೀರಿನ ಮೀಟರು ಓದುವ ಕೆಲಸದಿಂದ ಅದೇ ತಿಂಗಳು ನಿವೃತ್ತನಾದವನು. ಮದುವೆಯಿಲ್ಲ. ವಿಧವೆ ಅಕ್ಕನ ಜೊತೆ ವಾಸ.

ಮಾತು ಮುಗಿದಾಗ ಪ್ರಶ್ನೆಗಳಿವೆಯೇ ಎಂದು ವಿದ್ವಾಂಸರು ಬೆಕ್ಕಿನ ಕಡೆಗೇ ಹೆಚ್ಚು ಆಸೆಯಿಂದ ನೋಡಿದರು. ಬಹಗತ್ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡ.

"ಡಾಕ್ಟರೇ, ಇದು ಮೊದಲಿಂದ್ಲೂ ಹೀಗೇ ಇತ್ತೋ, ಇಲ್ಲ ಆಮೇಲೆ ಹೀಗಾಯ್ತೋ?"

ವಿದ್ವಾಂಸರ ಕಣ್ಣು ತುಂಬಿ ಬಂತು. ತಮ್ಮ ಜೀವಮಾನದ ಪ್ರಶ್ನೆಯೇ ಅದು ಎಂದರು. ಉತ್ತರ ಮುಗಿಯುವಷ್ಟರಲ್ಲಿ ಬಸ್ಸುಗಳೆಲ್ಲ ಹೋಗಿದ್ದವು, ಬೆಕ್ಕು ಮರಿ ಹಾಕಿತ್ತು.

ಅಲ್ಲಿಂದ ಬಹಗತ್ ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. ಇಸ್ತ್ರಿ ಮಾಡಿದ ಬೂದು ಕೋಟು, ಗೋಡೆ ಪಕ್ಕದ ಕುರ್ಚಿ, ಕಡೆಯಲ್ಲಿ ಅದೇ ಪ್ರಶ್ನೆ. ಕಾವ್ಯವಾಗಲಿ, ಕೋಟೆಗಳಾಗಲಿ, ಒಂಟೆಯ ಜೀರ್ಣಾಂಗವಾಗಲಿ, ಆ ಪ್ರಶ್ನೆ ಎಲ್ಲಕ್ಕೂ ಹೊಂದುತ್ತಿತ್ತು. ಡಾಕ್ಟರ್ ಇಸ್ಮತ್ ಅದಕ್ಕೆ ಉತ್ತರಿಸುತ್ತ ಉತ್ತರಿಸುತ್ತಲೇ ಡೀನ್ ಆದವರು.

*

ಮಣ್ಣು ಕೊಟ್ಟು ಬಂದ ಲುತ್ಫಿಯನ್ನು ಇಂಶಿರಾಹ್ ಮೆಟ್ಟಿಲಲ್ಲೇ ತಡೆದಳು. ಬಹಗತನ ಅಕ್ಕ, ಹಜ್ಜಿಗೆ ಹೋಗಿ ಬಂದವಳು. ಅವಳ ಕಪ್ಪು ನಿಲುವಂಗಿಯ ಹಿಂದೆ ಎದುರುಮನೆಯ ಸನಿಯ್ಯಾ ನಿಂತಿದ್ದಳು, ಅವಳ ಕಿವಿಗೆ ಬೀಳದ ಸುದ್ದಿ ತಂತಾದಲ್ಲಿ ಹುಟ್ಟುವುದಿಲ್ಲ.

"ಕಾಲೇಜಿನಿಂದ ಎಷ್ಟು ಜನ ಬಂದಿದ್ರಪ್ಪ ಮಣ್ಣಿಗೆ?"

"ಬಿಸಿಲಲ್ವಾ ಹಾಜಕ್ಕ. ಸಂಜೆ ಬರ್ತಾರೆ."

"ನಾನೂ ಅದನ್ನೇ ಹೇಳ್ದೆ ಇವಳಿಗೆ. ಅದಕ್ಕೇ ಶರೀಫಾ ಮಸೀದಿಯ ದೊಡ್ಡ ಸಭಾಭವನಾನೇ ಹಿಡಿದಿದೀನಿ. ಕುರಾನ್ ಓದೋಕೆ ಶೇಖ್ ತಾಹಾ ಬರ್ತಾರೆ."

"ನಾನು ಚಿಕ್ಕದು ಸಾಕು ಅಂದೆ," ಎಂದಳು ಸನಿಯ್ಯಾ. "ಖಾಲಿ ಕುರ್ಚಿ ಸಾಲು ನೋಡಿದ್ರೆ ಸತ್ತವರಿಗೆ ಅವಮಾನ ಅಲ್ವಾ. ನಮ್ಮ ಯಜಮಾನರು ಹೋದಾಗ ಬೀದಿ ತುಂಬಿತ್ತು, ಅದು ಬೇರೆ ಮಾತು. ಅವರು ರೈಲ್ವೆಯವರು."

"ನನ್ನ ತಮ್ಮ ಯೂನಿವರ್ಸಿಟಿಯೋನು," ಎಂದಳು ಇಂಶಿರಾಹ್.

"ಅಲ್ಲಿ ಅವರ ಕೆಲಸ ಏನು ಅಂತ ನನಗೆ ಇವತ್ತಿಗೂ ಗೊತ್ತಾಗಲಿಲ್ಲ."

ಇಂಶಿರಾಹ್ ಲುತ್ಫಿಯ ಕಡೆ ತಿರುಗಿದಳು. ಅವಳಿಗೂ ಅದು ಗೊತ್ತಿರಲಿಲ್ಲ. ದಿನಾ ಸಂಜೆ ಕೋಟಿಗೆ ಇಸ್ತ್ರಿ ಹಾಕಿ ಕಳಿಸುವುದಷ್ಟೇ ಗೊತ್ತಿತ್ತು.

"ಅವರಿಲ್ಲದೆ ಅಲ್ಲಿ ಏನೂ ಶುರುವಾಗ್ತಿರಲಿಲ್ಲ ಹಾಜಕ್ಕ," ಎಂದ ಲುತ್ಫಿ.

"ಕೇಳಿದ್ಯಾ?" ಎಂದಳು ಇಂಶಿರಾಹ್ ಸನಿಯ್ಯಾಳಿಗೆ. ಆಮೇಲೆ ಲುತ್ಫಿಯ ತೋಳು ಹಿಡಿದು ದನಿ ತಗ್ಗಿಸಿದಳು. "ಬರ್ತಾರೆ ತಾನೆ? ನಿಜ ಹೇಳು. ಬರೋದಿಲ್ಲ ಅಂದ್ರೆ ಈಗಲೇ ಚಿಕ್ಕದಕ್ಕೆ ಬದಲಾಯಿಸ್ತೀನಿ."

ಲುತ್ಫಿ ಕೆಳಗೆ ಬೀದಿಯನ್ನು ನೋಡಿದ. ಅಲ್ಲಿ ಆ ಕತ್ತೆ ಗಾಡಿ ಬಿಟ್ಟರೆ ಯಾರೂ ಇರಲಿಲ್ಲ.

"ದೊಡ್ಡದೇ ಇರಲಿ," ಎಂದ.

*

ಹೋದ ಚಳಿಗಾಲ ಒಬ್ಬ ಹುಡುಗನ ಊದ್ ವಾದನವಿತ್ತು. ಹಳ್ಳಿಯವನು, ಮೊದಲ ಸಲ ವೇದಿಕೆ ಹತ್ತಿದವನು. ಅವತ್ತೇ ಊರಿನಲ್ಲಿ ದೊಡ್ಡ ಫುಟ್‌ಬಾಲ್ ಪಂದ್ಯ. ಕುರ್ಚಿ ತುಂಬಲು ಆಗಾಗ ಬರುತ್ತಿದ್ದ ಗಾಬೆರನ ಕಾಫಿ ಅಂಗಡಿಯ ಪಿಂಚಣಿ ಪಡೆ ಕೂಡ ಕೈಕೊಟ್ಟಿತು. ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಹುಡುಗನಿಗೆ ಕೆಳಗಿನ ಕತ್ತಲು ಕಾಣುತ್ತಿರಲಿಲ್ಲ. ಅಲ್ಲಿ ಕೂತಿದ್ದದ್ದು ಬಹಗತ್ ಒಬ್ಬನೇ.

ಮೊದಲ ರಾಗ ಮುಗಿದಾಗ ಅವನು ಮುಂದಿನ ಸಾಲಿನಿಂದ ಚಪ್ಪಾಳೆ ತಟ್ಟಿದ. ಎರಡನೆಯದು ನಡೆಯುವಾಗ ಚಪ್ಪಲಿ ಕೈಯಲ್ಲಿ ಹಿಡಿದು, ಬಗ್ಗಿ, ಹಿಂದಿನ ಸಾಲಿಗೆ ಹೋದ. ಅಲ್ಲಿಂದ ಬೇರೆಯೇ ಥರ ತಟ್ಟಿದ, ದಪ್ಪ ಕೈಯವನ ಹಾಗೆ. ಆಮೇಲೆ ಎಡ ಮೂಲೆಯಿಂದ ಕೆಮ್ಮಿದ. ಬಲ ಮೂಲೆಯಿಂದ "ವಾಹ್, ಮಗನೇ" ಅಂದ. ಕಡೆಯಲ್ಲಿ ಓಡಾಡುತ್ತ ಓಡಾಡುತ್ತ ತಟ್ಟಿದಾಗ ಹಾಲಿನಲ್ಲಿ ಐನೂರು ಜನ ಇದ್ದಂತೆ ಕೇಳಿಸಿತು. ಪರದೆಯ ಪಕ್ಕ ನಿಂತಿದ್ದ ಲುತ್ಫಿಗೇ ಒಂದು ಗಳಿಗೆ ಜನ ಬಂದುಬಿಟ್ಟರೇನೋ ಅನ್ನಿಸಿತ್ತು.

ಹುಡುಗ ತಲೆಬಾಗಿದ. ಬಾಗಿಯೇ ಇದ್ದ.

ಆಮೇಲೆ ಬಹಗತ್ ಮೆಟ್ಟಿಲ ಮೇಲೆ ಕೂತು ಉಸಿರು ಹಿಡಿಯಲು ಒದ್ದಾಡಿದ. ಎದೆ ಒತ್ತಿಕೊಂಡ.

"ಡಾಕ್ಟರ ಹತ್ರ ಹೋಗೋಣ ಉಸ್ತಾದ್."

"ನಾಳೆ ಕವಿಗೋಷ್ಠಿ ಇದೆಯಲ್ಲೋ. ಆ ಕವಿಗೆ ನಾನೊಬ್ಬನೇ ಸಿಕ್ಕೋದು."

*

ಸಂಜೆಯ ನಮಾಜಿಗೆ ಇನ್ನೂ ಹೊತ್ತಿತ್ತು. ಲುತ್ಫಿ ಕಾಲೇಜಿನ ಗೇಟಿನ ಮುಂದೆ, ಗಾಜಿನ ಪೆಟ್ಟಿಗೆಯ ಬಾಗಿಲು ತೆರೆದು ನಿಂತಿದ್ದ. ಒಳಗೆ ಡೀನ್ ಸಾಹೇಬರ ಭಾವಚಿತ್ರ. ಕೆಳಗೆ 'ನಾಗರಿಕತೆ ಮತ್ತು ನಾವು: ಋತುವಿನ ಉದ್ಘಾಟನಾ ಉಪನ್ಯಾಸ'. ಗಾಬೆರ್ ಗೋಂದಿನ ಡಬ್ಬಿ ಹಿಡಿದುಕೊಂಡಿದ್ದ. ಕೆಂಪು ಪಟ್ಟಿಯ ಮೇಲೆ ಲುತ್ಫಿ ಬರೆದ ವಿಳಾಸವನ್ನು ಓದಿ ಅವನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದ.

"ಶರೀಫಾ ಮಸೀದಿ ಸಭಾಭವನ... ಅದು ನಿಕಾಹ್ ಮಾಡೋ ಜಾಗ ಕೂಡ ಹೌದು. ಉಪನ್ಯಾಸಕ್ಕೆ ಅಲ್ಲಿಗೆ ಬನ್ನಿ ಅಂದ್ರೆ ಯಾರಿಗೂ ಅನುಮಾನ ಬರಲ್ಲ."

"ಬರಲ್ಲ."

"ಒಳಗೆ ಕಾಲಿಟ್ಟ ಮೇಲೆ, ಶೇಖ್ ಒಂದು ಭಾಗ ಓದಿ ಮುಗಿಸೋವರೆಗೆ ಏಳೋ ಹಾಗೂ ಇಲ್ಲ."

"ಇಲ್ಲ."

"ಗೋದಾಮಿನಲ್ಲಿ ಇಲಿಗಳಿವೆ ಲುತ್ಫಿ. ಮೇಕೆಯಷ್ಟಿವೆ."

"ಮುಗೀತಾ ನಿನ್ನ ಉಪನ್ಯಾಸ? ಆ ಗೋಂದು ಕೊಡು."

ಪಟ್ಟಿ ಅಂಟಿಸಿ, ಅಂಗೈಯಿಂದ ಗಾಳಿಗುಳ್ಳೆ ತೆಗೆದು, ಬಾಗಿಲು ಮುಚ್ಚಿದ. ಅದೇ ಸುದ್ದಿಯನ್ನು ಫೋನಿನಲ್ಲಿ ಎಲ್ಲ ತರಗತಿಗಳಿಗೂ ಕಳಿಸಿದ. ಡೀನ್ ಸಾಹೇಬರ ಚಾಲಕನಿಗೆ ಖುದ್ದಾಗಿ ಹೇಳಿದ.

*

ಮೊದಲು ಬಂದದ್ದು ಇತಿಹಾಸದ ಎರಡನೇ ವರ್ಷ. ಸಭಾಭವನದ ಬಾಗಿಲಲ್ಲಿ ಕಪ್ಪು ಕೋಟಿನ ಲುತ್ಫಿ, ಅವನ ಪಕ್ಕ ಗಾಬೆರ್. ಮನೆಯ ಗಂಡಸರು ನಿಲ್ಲಬೇಕಾದ ಜಾಗ ಅದು.

"ಹಾಜರಿ ಎಲ್ಲಿ ಹಾಕ್ತಾರೆ ಸಾರ್?" ಒಬ್ಬ ಹುಡುಗ ಕೇಳಿದ.

"ಮೊದಲು ಕೈ ಕುಲುಕಿ ಒಳಗೆ ಹೋಗಿ ಕೂತ್ಕೋ. ಹುಡುಗೀರು ಮೇಲಿನ ಮಹಡಿಗೆ, ಹಾಜಕ್ಕನ ಹತ್ರ."

ಒಳಗಿನಿಂದ ಓದುವ ದನಿ ಕೇಳಿದೊಡನೆ ಹುಡುಗ ಮುಖವನ್ನು ಸರಿಮಾಡಿಕೊಂಡ. ಸಾವಿನ ಮನೆಯ ಬಾಗಿಲಲ್ಲಿ ನಮ್ಮವರು ತಪ್ಪಿ ಬಂದೆ ಎಂದು ಹೇಳುವುದಿಲ್ಲ. ಅವನ ಹಿಂದಿನವನೂ ಹಾಗೇ ಮಾಡಿದ. ಭೂಗೋಳ ಬಂತು, ತತ್ವಶಾಸ್ತ್ರ ಬಂತು, ಪ್ರಾಧ್ಯಾಪಕರು ಬಂದರು. ಬೀದಿಯ ಕೊನೆಯ ಕಬ್ಬಿನ ಹಾಲಿನ ಅಂಗಡಿಯನ್ನೂ ದಾಟಿ ಸಾಲು ಬೆಳೆಯಿತು. ಉಪಕುಲಪತಿಗಳು ಗಾಬೆರನ ಎರಡೂ ಕೈ ಹಿಡಿದು ಸಾಂತ್ವನ ಹೇಳಿ, ಒಳಗೆ ಹೋಗಿ, ಸಕ್ಕರೆಯಿಲ್ಲದ ಕಾಫಿ ತೆಗೆದುಕೊಂಡು ಕಣ್ಣು ಮುಚ್ಚಿದರು.

ಡಾಕ್ಟರ್ ಇಸ್ಮತ್ ಬಂದದ್ದು ಆಮೇಲೆ, ಕಂಕುಳಲ್ಲಿ ಉಪನ್ಯಾಸದ ಕಡತದೊಂದಿಗೆ. ಅವರು ಬಾಗಿಲನ್ನು ನೋಡಿದರು, ಲುತ್ಫಿಯನ್ನು ನೋಡಿದರು, ಒಳಗೆ ಕೂತ ಉಪಕುಲಪತಿಗಳನ್ನು ನೋಡಿದರು. ಒಳಗೆ ಹೋಗಿ ಅವರ ಪಕ್ಕದಲ್ಲಿ ಕೂತರು.

"ತೀರಿಕೊಂಡವರು ಯಾರು?" ಉಪಕುಲಪತಿಗಳು ಪಿಸುಗುಟ್ಟಿದ್ದು ಬಾಗಿಲಿಗೂ ಕೇಳಿತು.

"ನಮ್ಮವರೇ," ಎಂದರು ಡೀನ್, ಕಡತವನ್ನು ಕುರ್ಚಿಯ ಕೆಳಗೆ ಸರಿಸುತ್ತ.

ಶೇಖ್ ತಾಹಾ ಅಷ್ಟು ಜನರನ್ನು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಅವನ ದನಿ ಏರಿತು, ಎಳೆಯಿತು, ಒಂದೊಂದು ಸಾಲನ್ನೂ ಮತ್ತೆ ಮತ್ತೆ ತಿರುಗಿ ಹಿಡಿಯಿತು. ಆ ಭಾಗ ಮುಗಿಯುವಷ್ಟರಲ್ಲಿ ಎರಡು ಪರೀಕ್ಷೆ ಬರೆದು ಫಲಿತಾಂಶವನ್ನೂ ನೋಡಬಹುದಿತ್ತು. ಯಾರೂ ಕದಲಲಿಲ್ಲ.

ಕಡೆಗೆ ಅವನು ನಿಲ್ಲಿಸಿದ. ಡೀನ್ ಎದ್ದು ಬಂದು ಲುತ್ಫಿಯ ಮುಂದೆ ನಿಂತರು. ಅವನ ಬಲಗೈಯನ್ನು ಹಿಡಿದು, ಬೆರಳುಗಳು ಒಂದರ ಮೇಲೊಂದು ಏರುವಂತೆ ಹಿಂಡತೊಡಗಿದರು.

"ನಾಳೆ ಬೆಳಗ್ಗೆ ಗೋದಾಮು," ಎಂದರು ತುಟಿ ಅಲುಗಿಸದೆ. ಹಿಂದೆ ಉಪಕುಲಪತಿಗಳು ನಿಂತಿದ್ದರು. ಡೀನ್ ದನಿ ಏರಿಸಿ ವಾಡಿಕೆಯ ಸಂತಾಪ ಹೇಳಿದರು. "ಅವರ ಉಳಿದ ಆಯುಷ್ಯ ನಿಮಗೆ ಸೇರಲಿ."

"ನೀವು ನೂರು ಕಾಲ ಬಾಳಿ," ಎಂದ ಲುತ್ಫಿ. ಕೈ ಬಿಡಿಸಿಕೊಂಡು, ಊದಿದ ಆ ಬೆರಳುಗಳನ್ನೇ ಮುಂದಿನವರಿಗೆ ಚಾಚಿದ.

ಮೇಲಿನ ಮಹಡಿಯ ಮೆಟ್ಟಿಲಿನ ತಿರುವಿನಿಂದ ಸನಿಯ್ಯಾ ಬಗ್ಗಿದಳು.

"ಲುತ್ಫಿ, ಮೇಲೆ ಹುಡುಗೀರು ನೆಲದ ಮೇಲೆ ಕೂತಿದಾರೆ ನೋಡು. ಹಾಜಕ್ಕ ಕುರ್ಚಿ ಕೇಳ್ತಿದಾಳೆ."

ಹೊರಗೆ, ಬಾಡಿಗೆ ಕುರ್ಚಿಯವನು, ಇಷ್ಟು ಜನ ಬರಲಾರರೆಂದು, ಸಂಜೆಯಿಂದ ಬಿಚ್ಚುವ ಗೋಜಿಗೇ ಹೋಗದೆ ಗೋಡೆಗೆ ಒರಗಿಸಿಟ್ಟಿದ್ದ ಕುರ್ಚಿಗಳ ರಾಶಿಯಿತ್ತು. ಅವನು ಹಲ್ಲಿನಿಂದ ಹಗ್ಗದ ಗಂಟು ಕಚ್ಚಿ ಎಳೆಯುತ್ತಿದ್ದ.