ಎದುರು ದಿಕ್ಕಿನ ತೇಲುಬುರುಡೆ

ದಡದ ಬಳಿ ನೀರು ಯಾವ ಕಡೆ ಹರಿಯುತ್ತದೆಂದು ತಿಳಿಯಲು ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ಗಂಡ ಹೆಂಡತಿ ಹತ್ತು ತೇಲುಬುರುಡೆಗಳನ್ನು ಸಮುದ್ರಕ್ಕೆ ಬಿಟ್ಟರು. ಗಾಳಿ ತಳ್ಳದೆ ನೀರೇ ಎಳೆಯಲೆಂದು ಪ್ರತಿಯೊಂದರ ಅಡಿಗೂ ಬಟ್ಟೆಯ ಪಟ ಕಟ್ಟಿದ್ದರು. ಒಂಬತ್ತರ ಗಂಟು ಗಂಡನದು. ಕೈ ಸೋತು ಹತ್ತನೆಯದನ್ನು ಹೆಂಡತಿಗೆ ಬಿಟ್ಟಿದ್ದ.

ಮರುದಿನ ಅವುಗಳ ಜಾಡು ತೋರಿಸುವ ಕಂಪ್ಯೂಟರ್ ಪರದೆಯ ಮೇಲೆ ಒಂಬತ್ತು ಚುಕ್ಕೆಗಳು ಉತ್ತರಕ್ಕೆ ಹೋಗಿದ್ದವು, ಹೆಂಡತಿಯದು ದಕ್ಷಿಣಕ್ಕೆ.

"ನಿಂದು ಪಟ ಕಳಚಿರುತ್ತೆ. ಲೆಕ್ಕದಿಂದ ತೆಗೆದುಬಿಡು," ಎಂದ ಗಂಡ.

ಅವಳು ತೆಗೆದಳು.

ವಾರದ ಕೊನೆಗೆ ದೋಣಿಯವರು ಹತ್ತನ್ನೂ ಎತ್ತಿ ತಂದು ಅಂಗಳದಲ್ಲಿ ಸಾಲಾಗಿ ಇಟ್ಟರು. ಪಟ ಉಳಿದದ್ದು ಅವಳದರಲ್ಲಿ ಮಾತ್ರ. ಪಟ ಕಳಚಿದ್ದ ಮಿಕ್ಕ ಬುರುಡೆಗಳನ್ನು ಗಾಳಿ ಅಟ್ಟಿಕೊಂಡು ಹೋಗಿತ್ತು.

ಗಂಡ ತಲೆ ಕೆರೆದುಕೊಂಡ. "ಒಂಬತ್ತೂ ಒಂದೇ ಕಡೆ ಹೋದ್ವಲ್ಲೇ!"

"ಒಂಬತ್ತಕ್ಕೂ ಗಂಟು ಹಾಕಿದ್ದು ಒಂದೇ ಕೈ ಅಲ್ವೇನ್ರೀ?" ಎಂದಳು.